ಸಹೋದ್ಯೋಗಿಗೆ ನಾಲ್ಕು ಸಾಲು ಬರೆಯಿರಿ, ಆದರೆ ವಶೀಲಿ ಬೇಡ

ಶಿಫಾರಸು ಎಂಬ ಮಾತು ನಮ್ಮ ಕಡೆ ಕೆಟ್ಟು ಹೋಗಿದೆ. ಆ ಪದ ಕೇಳಿದರೆ ಸಾಕು, ಶಾಸಕರ ಲೆಟರ್‌ಹೆಡ್ ನೆನಪಾಗುತ್ತದೆ. ಇಲ್ಲವೇ ‘ನಮ್ಮ ಹುಡುಗ ಅದಾನ, ಸ್ವಲ್ಪ ನೋಡ್ರಿ’ ಎಂದು ದೊಡ್ಡವರು ಮಾಡುವ ಫೋನು ನೆನಪಾಗುತ್ತದೆ. ಹಾಸ್ಟೆಲ್ ಸೀಟಿನಿಂದ ಹಿಡಿದು ವರ್ಗಾವಣೆಯವರೆಗೆ ಎಲ್ಲದಕ್ಕೂ ಇಂಥ ಕಾಗದ ಬೇಕು ಎಂದು ಜನ ನಂಬಿದ್ದಾರೆ. ಕಾಗದ ಸಿಗದವರು ಹಣೆಬರಹ ಎಂದು ಸುಮ್ಮನಾಗುತ್ತಾರೆ.

ಇದಕ್ಕೆ ಹಳ್ಳಿಯಲ್ಲಿ ಬೇರೆಯೇ ಹೆಸರಿದೆ. ವಶೀಲಿ. ವಶೀಲಿ ಮತ್ತು ಶಿಫಾರಸು ಒಂದೇ ಅಲ್ಲ ಎಂಬುದನ್ನು ಮೊದಲು ಹೇಳಬೇಕು. ಏಕೆಂದರೆ ಈ ಬರಹದಲ್ಲಿ ನಾನು ನಿಮಗೆಲ್ಲ ಶಿಫಾರಸು ಬರೆಯಿರಿ ಎಂದು ಹೇಳಲು ಹೊರಟಿದ್ದೇನೆ. ಪತ್ರಕರ್ತ ಗೆಳೆಯರಿಗಷ್ಟೇ ಅಲ್ಲ, ಅತಿಥಿ ಶಿಕ್ಷಕರಿಗೆ, ಪಂಪ್‌ಸೆಟ್ ರಿಪೇರಿಯವರಿಗೆ, ಕಟಾವು ಯಂತ್ರ ಓಡಿಸುವವರಿಗೆ, ಟೇಲರಿಂಗ್ ಮಾಡುವ ಅಕ್ಕಂದಿರಿಗೆ, ಜೊತೆಯಲ್ಲಿ ಇನ್ನೊಬ್ಬರು ಕೆಲಸ ಮಾಡುವುದನ್ನು ಕಂಡ ಎಲ್ಲರಿಗೂ ಈ ಮಾತು ಸಲ್ಲುತ್ತದೆ.

ಎರಡರ ವ್ಯತ್ಯಾಸ ಗುರುತಿಸಲು ಒಂದು ಸುಲಭದ ಪರೀಕ್ಷೆ ಇದೆ. ಪತ್ರದ ಮೇಲಿನ ಲೆಟರ್‌ಹೆಡ್ಡನ್ನೂ ಕೆಳಗಿನ ಸಹಿಯನ್ನೂ ಕೈಯಿಂದ ಮುಚ್ಚಿ, ನಡುವಿನದನ್ನು ಮಾತ್ರ ಓದಿ. ಅಲ್ಲಿ ಏನೂ ಉಳಿಯದಿದ್ದರೆ ಅದು ವಶೀಲಿ. ಆ ಪತ್ರ ಬರೆದವರ ಅಧಿಕಾರದಿಂದ ಮಾತ್ರ ಕೆಲಸ ಮಾಡುತ್ತದೆ. ಈ ಮನುಷ್ಯ ಎಂಥ ಕೆಲಸಗಾರ ಎಂಬುದು ಸಹಿ ಇಲ್ಲದೆಯೂ ಓದುವವರಿಗೆ ತಿಳಿದರೆ ಅದು ಶಿಫಾರಸು. ಅಲ್ಲಿ ಬರೆದವರು ತಾವು ಕಣ್ಣಾರೆ ಕಂಡದ್ದನ್ನು ಹೇಳಿದ್ದಾರೆ. ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ ಸಾಕ್ಷಿ ನುಡಿದಿದ್ದಾರೆ.

ನಮಗೆ ಬೇಕಾಗಿರುವುದು ಈ ಎರಡನೆಯದು.

ಕಾಗದವೇ ಇಲ್ಲದ ಕೆಲಸ

ನಾನು ಜಿಲ್ಲೆಯಲ್ಲಿ ಬಿಡಿ ಸುದ್ದಿಗಾರ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಹತ್ತು ವರ್ಷಕ್ಕೂ ಮೇಲಾಯಿತು. ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂಬುದು ಓದುವ ನಿಮಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಪತ್ರಿಕೆಯಲ್ಲಿ ನೀವು ಓದುವ ತಾಲ್ಲೂಕಿನ ಸುದ್ದಿಯ ಹಿಂದೆ ಒಬ್ಬ ಮನುಷ್ಯ, ಒಂದು ಬೈಕು, ಒಂದು ಮೊಬೈಲು ಇರುತ್ತವೆ. ಅನೇಕರಿಗೆ ನೇಮಕಾತಿ ಪತ್ರ ಇರುವುದಿಲ್ಲ, ಸಂಬಳದ ಚೀಟಿ ಇರುವುದಿಲ್ಲ. ಗೌರವಧನ ಎಂಬ ಹೆಸರಿನಲ್ಲಿ ಬರುವ ಹಣ ಪೆಟ್ರೋಲಿಗೆ ಸಾಕಾದರೆ ಆ ತಿಂಗಳು ಚೆನ್ನಾಗಿತ್ತು ಎಂದರ್ಥ. ಸುದ್ದಿಯ ಕೆಳಗೆ ‘ನಮ್ಮ ಪ್ರತಿನಿಧಿಯಿಂದ’ ಎಂದಿರುತ್ತದೆ. ಆ ಪ್ರತಿನಿಧಿಗೆ ಹೆಸರಿಲ್ಲ.

ಹೀಗೆ ಎಂಟು ಹತ್ತು ವರ್ಷ ದುಡಿದವರು ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಿದಾಗ ಮೊದಲು ಕೇಳುವುದು ಅನುಭವದ ದಾಖಲೆಯನ್ನು. ಎಲ್ಲಿಂದ ತರಬೇಕು? ಕತ್ತರಿಸಿ ಇಟ್ಟುಕೊಂಡ ಪತ್ರಿಕೆಯ ತುಣುಕುಗಳಲ್ಲಿ ಹೆಸರೇ ಇಲ್ಲ. ಸಂಸ್ಥೆಗೆ ಕೇಳಿದರೆ ‘ನೀವು ನಮ್ಮ ನೌಕರರೇ ಅಲ್ಲವಲ್ಲ’ ಎಂಬ ಉತ್ತರ ಬರುತ್ತದೆ. ನಾನು ಹಿಂದೆ ಸುದ್ದಿ ಕಳಿಸುತ್ತಿದ್ದ ಒಂದು ಕಡೆ ಇದೇ ಉತ್ತರ ನನಗೂ ಸಿಕ್ಕಿದೆ.

ಇದು ಪತ್ರಕರ್ತರೊಬ್ಬರ ಕಥೆಯಲ್ಲ. ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ಕಲಿಸಿದ ಮೇಡಂಗೆ ಶಾಲೆ ಮುಚ್ಚಿದ ಮೇಲೆ ಪ್ರಮಾಣಪತ್ರ ಕೊಡುವವರೇ ಇರುವುದಿಲ್ಲ. ಬೆಂಗಳೂರಿನಲ್ಲಿ ಹೋಟೆಲ್ ಅಡುಗೆ ಮಾಡಿ ಊರಿಗೆ ಮರಳಿದವರ ಬಳಿ ಕೈಗುಣ ಇರುತ್ತದೆ, ಕಾಗದ ಇರುವುದಿಲ್ಲ. ಬೋರ್‌ವೆಲ್ ಲಾರಿಯಲ್ಲಿ ಹತ್ತು ವರ್ಷ ತಿರುಗಿದ ಹುಡುಗನಿಗೆ ನೆಲದೊಳಗಿನ ಕಲ್ಲಿನ ಜಾತಿ ಗೊತ್ತು, ಆದರೆ ಅದನ್ನು ಬರೆದುಕೊಟ್ಟವರು ಯಾರೂ ಇಲ್ಲ. ಊರಿನ ದುಡಿಮೆಯಲ್ಲಿ ಬಹುಪಾಲು ಹೀಗೆ ಬಾಯಿಮಾತಿನಲ್ಲೇ ನಡೆಯುತ್ತದೆ. ಊರೊಳಗೆ ಬಾಯಿಮಾತು ಸಾಕು. ಊರು ದಾಟಿದ ಕೂಡಲೇ ಸಾಲುವುದಿಲ್ಲ.

ಅಲ್ಲಿ ಸಹೋದ್ಯೋಗಿಯ ಮಾತು ಕೆಲಸಕ್ಕೆ ಬರುತ್ತದೆ. ಸಂಸ್ಥೆ ಕೊಡದ ಕಾಗದವನ್ನು, ಜೊತೆಯಲ್ಲಿ ನಿಂತು ಕೆಲಸ ನೋಡಿದವರು ಕೊಡಬಹುದು. ಅದಕ್ಕೆ ಸೀಲು ಬೇಕಿಲ್ಲ. ಬರೆದವರ ಹೆಸರು, ಫೋನ್ ನಂಬರು, ಕಂಡ ಸಂಗತಿ ಇದ್ದರೆ ಓದುವವರು ಅದಕ್ಕೆ ಬೆಲೆ ಕೊಡುತ್ತಾರೆ.

ಮತ್ತೆ ಯಾಕೆ ಬರೆಯುವುದಿಲ್ಲ?

ನಾವು ಇನ್ನೊಬ್ಬರ ಬಗ್ಗೆ ಒಳ್ಳೆಯ ಮಾತು ಬರೆಯಲು ಹಿಂದೇಟು ಹಾಕುವುದಕ್ಕೆ ಕಾರಣಗಳಿವೆ. ಮೊದಲನೆಯದು ಹೊಟ್ಟೆಪಾಡು. ತಾಲ್ಲೂಕಿನಲ್ಲಿ ಇರುವುದು ಒಂದೋ ಎರಡೋ ಜಾಗ. ಜಿಲ್ಲಾ ವರದಿಗಾರನ ಹುದ್ದೆ ಖಾಲಿಯಾದರೆ ಅದರ ಮೇಲೆ ಎಂಟು ಜನರ ಕಣ್ಣು. ಹಾಗಿರುವಾಗ ಪಕ್ಕದವನನ್ನು ಹೊಗಳಿ ಬರೆದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ ಎಂಬ ಭಯ. ಈ ಭಯ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡನೆಯದನ್ನು ನಾವು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಜಾತಿ. ನಮ್ಮಲ್ಲಿ ಒಬ್ಬರ ಹೆಸರು ಮುಂದಕ್ಕೆ ಬರುವುದು ಹೆಚ್ಚಾಗಿ ತಮ್ಮವರ ಬಾಯಿಂದ. ‘ತಮ್ಮವರು’ ಎಂದರೆ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಹೇಳಲು ಆಫೀಸಿನಲ್ಲಿ ತಮ್ಮವರೇ ಇಲ್ಲದ ಹುಡುಗ ಹುಡುಗಿಯರು ಎಷ್ಟು ಚೆನ್ನಾಗಿ ಬರೆದರೂ ಅಲ್ಲೇ ಉಳಿಯುತ್ತಾರೆ. ಕೆಲಸ ನೋಡಿ ಬರೆಯುವ ಶಿಫಾರಸು ಈ ಗೋಡೆಯನ್ನು ಒಡೆಯಲಿಕ್ಕಿಲ್ಲ, ಆದರೆ ಅದರಲ್ಲಿ ಒಂದು ಕಿಂಡಿಯನ್ನಾದರೂ ಕೊರೆಯುತ್ತದೆ. ನೀವು ಇದುವರೆಗೆ ಯಾರ ಯಾರ ಪರವಾಗಿ ಮಾತಾಡಿದ್ದೀರಿ, ಒಂದು ಹಾಳೆಯ ಮೇಲೆ ಪಟ್ಟಿ ಮಾಡಿ ನೋಡಿ. ಎಲ್ಲರೂ ಒಂದೇ ಓಣಿಯವರಾಗಿದ್ದರೆ, ನೀವು ಕೆಲಸ ನೋಡಿ ಮಾತಾಡಿಲ್ಲ ಎಂದರ್ಥ.

ಮೂರನೆಯದು ಸಂಕೋಚ. ಎದುರಿಗೆ ಹೊಗಳುವುದು ನಮಗೆ ರೂಢಿಯಿಲ್ಲ. ಸತ್ತ ಮೇಲೆ ಶ್ರದ್ಧಾಂಜಲಿಯಲ್ಲಿ ಧಾರಾಳವಾಗಿ ಬರೆಯುತ್ತೇವೆ. ಬದುಕಿರುವಾಗ ಅದರಲ್ಲಿ ಅರ್ಧ ಬರೆದುಕೊಟ್ಟಿದ್ದರೆ ಆ ಮನುಷ್ಯನಿಗೆ ಒಂದು ನೌಕರಿಯಾದರೂ ಸಿಗುತ್ತಿತ್ತು.

ಮೆಣಸಿನಕಾಯಿ ಮುರಿದು ನೋಡುವವರು

ಹೇಗೆ ಬರೆಯಬೇಕು ಎಂಬುದಕ್ಕೆ ನಮ್ಮ ಹಾವೇರಿ ಜಿಲ್ಲೆಯಲ್ಲೇ ಒಳ್ಳೆಯ ಪಾಠಶಾಲೆ ಇದೆ, ಬ್ಯಾಡಗಿ ಮಾರುಕಟ್ಟೆ. ಅಲ್ಲಿ ‘ನಮ್ಮ ಕಾಯಿ ಭಾಳ ಚಲೋ ಐತ್ರಿ’ ಎಂದರೆ ಖರೀದಿದಾರ ತಲೆ ಎತ್ತಿಯೂ ನೋಡುವುದಿಲ್ಲ. ಕಡ್ಡಿಯೋ, ಡಬ್ಬಿಯೋ? ಒಣಗಿದ್ದು ಸರಿಯಾಗಿದೆಯೋ, ತೇವ ಉಳಿದಿದೆಯೋ? ಬಣ್ಣ ಹೇಗಿದೆ? ಕೈಯಲ್ಲಿ ಹಿಡಿದು ಮುರಿದು ನೋಡಿದ ಮೇಲೆಯೇ ದರದ ಮಾತು.

ಕೆಲಸ ಕೊಡುವವರೂ ಹಾಗೆಯೇ. ‘ಪ್ರಾಮಾಣಿಕ’, ‘ಶ್ರಮಜೀವಿ’, ‘ಸದ್ಗುಣಿ’ ಎಂಬ ಮಾತುಗಳು ಅವರಿಗೆ ‘ಭಾಳ ಚಲೋ ಐತ್ರಿ’ ಎಂದಷ್ಟೇ ಕೇಳಿಸುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಬರೆಯುವ ಪತ್ರ ಹೀಗಿರುತ್ತದೆ:

‘ಶ್ರೀಯುತರು ಹಲವು ವರ್ಷಗಳಿಂದ ನನಗೆ ಪರಿಚಿತರು. ಇವರು ಪ್ರಾಮಾಣಿಕರೂ ಶ್ರಮಜೀವಿಗಳೂ ಆಗಿದ್ದು ಇವರ ನಡತೆ ಉತ್ತಮವಾಗಿರುತ್ತದೆ. ಇವರಿಗೆ ಅವಕಾಶ ನೀಡಬೇಕಾಗಿ ಕೋರುತ್ತಾ, ಇವರ ಭವಿಷ್ಯ ಉಜ್ವಲವಾಗಲಿ ಎಂದು ಹಾರೈಸುತ್ತೇನೆ.’

ಇದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಪತ್ರದಿಂದ ಯಾರಿಗೂ ಉಪಯೋಗವಿಲ್ಲ. ಈಗಂತೂ ಮೊಬೈಲಿಗೆ ಹೇಳಿದರೆ ಇಂಥ ಪತ್ರವನ್ನು ಅರ್ಧ ನಿಮಿಷದಲ್ಲಿ ಅದೇ ಬರೆದುಕೊಡುತ್ತದೆ. ಆದರೆ ನೀವು ಏನು ಕಂಡಿರಿ ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ನೀವೇ ಹೇಳಬೇಕು.

ಈಗ ಇನ್ನೊಂದನ್ನು ನೋಡಿ. ಪಕ್ಕದ ತಾಲ್ಲೂಕಿನ ಒಬ್ಬ ಸುದ್ದಿಗಾರನ ಬಗ್ಗೆ ನಾನು ಬರೆದದ್ದರ ಸಾರ ಇದು:

‘ನಾನು ಹಾವೇರಿ ಜಿಲ್ಲೆಯಲ್ಲಿ ವರದಿಗಾರ. ಇವರು ಬೇರೆ ಪತ್ರಿಕೆಯವರು. ಆರು ವರ್ಷದಿಂದ ಒಂದೇ ಕಡೆಯ ಸುದ್ದಿಗಳಿಗೆ ಇಬ್ಬರೂ ಹೋಗುತ್ತಿದ್ದೇವೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು, ಸಿಟ್ಟಿಗೆದ್ದ ರೈತರು ಎಪಿಎಂಸಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ದಿನ ಇಬ್ಬರೂ ಅಲ್ಲಿದ್ದೆವು. ಎಷ್ಟು ವಾಹನ ಸುಟ್ಟವು ಎಂದು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದರು. ಆಫೀಸಿನಿಂದ ಮೇಲಿಂದ ಮೇಲೆ ಫೋನ್ ಬರುತ್ತಿದ್ದರೂ ಇವರು ತಾವೇ ನಡೆದುಹೋಗಿ ಎಣಿಸಿ, ಎಣಿಸಿದ್ದನ್ನಷ್ಟೇ ಕಳಿಸಿದರು. ತಡವಾಯಿತು, ಆದರೆ ಮರುದಿನ ತಿದ್ದುಪಡಿ ಹಾಕಬೇಕಾಗಲಿಲ್ಲ. ಕೃಷಿ ಮಾರುಕಟ್ಟೆಯ ಸುದ್ದಿಗೆ ಇವರು ತಕ್ಕವರು. ಇಂಗ್ಲಿಷಿನಲ್ಲಿ ಬರೆಯುವ ಕೆಲಸವಾದರೆ ಇವರಿಗೆ ಕಷ್ಟವಾಗಬಹುದು. ಹೆಚ್ಚಿನ ಮಾಹಿತಿ ಬೇಕಿದ್ದರೆ ನನಗೆ ಫೋನ್ ಮಾಡಿ.’

ಇದರಲ್ಲಿ ‘ಪ್ರಾಮಾಣಿಕ’ ಎಂಬ ಪದವೇ ಇಲ್ಲ. ಆದರೂ ಮನುಷ್ಯ ಪ್ರಾಮಾಣಿಕ ಎಂದು ಓದಿದವರಿಗೆ ಗೊತ್ತಾಗುತ್ತದೆ. ಕೊನೆಯಲ್ಲಿ ಒಂದು ಕೊರತೆಯನ್ನೂ ಹೇಳಿದೆ. ಅದನ್ನು ಕೇಳಿಯೇ ಹಾಕಿದೆ. ‘ಹಾಕ್ರಿ ಅಣ್ಣಾ, ಇಂಗ್ಲಿಷ್ ಬರಂಗಿಲ್ಲ ಅನ್ನೋದು ಖರೇನ ಐತಲ್ಲ’ ಎಂದ. ಕೊರತೆ ಹೇಳಿದ್ದರಿಂದ ಉಳಿದ ಮಾತುಗಳ ತೂಕ ಹೆಚ್ಚಾಯಿತು.

ಸುದ್ದಿ ಬರೆಯುವವರಿಗೆ ಇದು ಹೊಸದಲ್ಲ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಡಿಪ್ಲೊಮಾದ ಮೊದಲ ವಾರದಲ್ಲೇ ಕಲಿಸುತ್ತಾರೆ. ಶಿಫಾರಸಿಗೂ ಅದೇ ಸೂತ್ರ ಸಾಕು. ಸುದ್ದಿಗಾರರಲ್ಲದವರಿಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲು, ನೀವು ಯಾರು, ಅವರನ್ನು ಹೇಗೆ ಬಲ್ಲಿರಿ, ಎಷ್ಟು ಕಾಲ ಜೊತೆಯಲ್ಲಿ ಕೆಲಸ ಮಾಡಿದಿರಿ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ. ಆಮೇಲೆ ನೀವೇ ಕಂಡ ಒಂದು ಘಟನೆ ಬರೆಯಿರಿ, ಸ್ಥಳ ಮತ್ತು ಕಾಲದ ಸಮೇತ. ಮೂರು ಘಟನೆ ಬೇಡ, ಒಂದೇ ಸಾಕು. ಆ ಘಟನೆಯಿಂದ ಅವರ ಯಾವ ಗುಣ ಕಾಣುತ್ತದೆ, ಅದು ಯಾವ ಕೆಲಸಕ್ಕೆ ಉಪಯೋಗ ಎಂಬುದು ಮುಂದಿನ ಸಾಲು. ಅವರು ಅರ್ಜಿ ಹಾಕಿರುವ ಕೆಲಸ ಯಾವುದು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಡ್ರೈವರ್ ಕೆಲಸಕ್ಕೆ ಹೊರಟವನಿಗೆ ‘ಅಡುಗೆ ಚೆನ್ನಾಗಿ ಮಾಡುತ್ತಾನೆ’ ಎಂದು ಬರೆದು ಪ್ರಯೋಜನವಿಲ್ಲ. ಕೊನೆಗೆ ನಿಮ್ಮ ಹೆಸರು, ನಂಬರು, ತಾರೀಖು. ಎಲ್ಲ ಸೇರಿ ಒಂದು ಪುಟ ಮೀರಬಾರದು.

ಭಾಷೆ ಕನ್ನಡವೇ ಇರಲಿ. ಬೆಂಗಳೂರಿನ ಕಂಪನಿಗೆ ಇಂಗ್ಲಿಷ್ ಬೇಕೆಂದರೆ ಯಾರಿಂದಲಾದರೂ ಅನುವಾದ ಮಾಡಿಸಬಹುದು. ಒಳಗಿನ ಸಂಗತಿ ಗಟ್ಟಿಯಾಗಿದ್ದರೆ ಯಾವ ಭಾಷೆಗೆ ಹೋದರೂ ನಿಲ್ಲುತ್ತದೆ. ಲಿಂಕ್ಡ್‌ಇನ್ ಬಳಸುವವರಿದ್ದರೆ, ಅಲ್ಲಿ ಇನ್ನೊಬ್ಬರಿಗೆ ಬರೆದ ಶಿಫಾರಸು ನಿಮ್ಮ ಹೆಸರಿನ ಸಮೇತ ಅವರ ಪುಟದಲ್ಲಿ ಕಾಣುತ್ತದೆ. ಒಂದು ಗುಂಡಿ ಒತ್ತಿ ‘ಇವರಿಗೆ ಈ ಕೌಶಲ ಇದೆ’ ಎನ್ನುವ ಸೌಲಭ್ಯವೂ ಅಲ್ಲಿದೆ. ಗುಂಡಿ ಒತ್ತುವುದು ಸುಲಭ, ಅದಕ್ಕೇ ಅದಕ್ಕೆ ಬೆಲೆ ಕಡಿಮೆ. ನಾಲ್ಕು ಸಾಲು ಬರೆಯಿರಿ.

ಡಿ.ವಿ.ಜಿ. ಅವರನ್ನು ನಾವು ಕವಿ ಎಂದು ನೆನೆಯುತ್ತೇವೆ. ಅವರು ಪತ್ರಕರ್ತರೂ ಹೌದು. ತಾವು ಒಡನಾಡಿದ ಜನರ ಬಗ್ಗೆ ಅವರು ಬರೆದ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳು ಎಷ್ಟೋ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಒಬ್ಬ ಮನುಷ್ಯ ದೊಡ್ಡವನು ಎಂದು ಘೋಷಿಸುವ ಬದಲು ಆತ ಏನು ಮಾಡಿದ, ಏನು ಹೇಳಿದ ಎಂದು ತೋರಿಸುವುದು ಹೇಗೆ ಎಂದು ಕಲಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ಹೆಣ್ಣುಮಕ್ಕಳಿಗೆ ಬರೆಯುವಾಗ

ಇದನ್ನು ಬೇರೆಯಾಗಿಯೇ ಹೇಳಬೇಕು. ಗಂಡಸರ ಬಗ್ಗೆ ಬರೆಯುವಾಗ ನಾವು ಅಲ್ಪಸ್ವಲ್ಪ ಕೆಲಸದ ಮಾತು ಹೇಳುತ್ತೇವೆ. ಹೆಣ್ಣುಮಕ್ಕಳ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿಯೇ ‘ಒಳ್ಳೆಯ ಮನೆತನದ ಹುಡುಗಿ, ಶಾಂತ ಸ್ವಭಾವ, ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಾಳೆ’ ಎಂದು ಬರೆಯುತ್ತದೆ. ಇದು ವಧು ಬೇಕಾಗಿದ್ದಾಳೆ ಜಾಹೀರಾತಿನ ಭಾಷೆ. ಕೆಲಸ ಕೊಡುವವರಿಗೆ ಇದರಿಂದ ಏನು ತಿಳಿಯಬೇಕು?

2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ಸಾಲ ವಸೂಲಿಯ ಕಿರುಕುಳದ ಸುದ್ದಿ ರಾಜ್ಯದ ತುಂಬ ಎದ್ದಿತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಆ ದಿನಗಳಲ್ಲಿ ನಮ್ಮಂಥ ಗಂಡಸರು ಹಳ್ಳಿಗೆ ಹೋದರೆ ಕಟ್ಟೆಯ ಮೇಲೆ ಕೂತ ಗಂಡಸರೇ ಮಾತಾಡುತ್ತಿದ್ದರು. ಸಾಲ ತೆಗೆದವರು ಒಳಗಿದ್ದರು. ನನಗೆ ಗೊತ್ತಿರುವ ಒಬ್ಬ ಸಹೋದ್ಯೋಗಿ ಮಾತ್ರ ಅಡುಗೆಮನೆಯವರೆಗೆ ಹೋಗಿ, ಅಕ್ಕಂದಿರ ಜೊತೆ ಕೂತು, ಅವರ ಸಾಲದ ಕಾರ್ಡುಗಳನ್ನು ಒಂದೊಂದಾಗಿ ಓದಿ, ವಾರಕ್ಕೆ ಎಷ್ಟು ಕಂತು, ಎಷ್ಟು ಸಂಘಗಳಿಂದ ಸಾಲ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದುಕೊಂಡಳು. ಯಾರ ಹೆಸರನ್ನು ಹಾಕಬಾರದು ಎಂದು ಅವರನ್ನೇ ಕೇಳಿದಳು. ಆಕೆಯ ಬಗ್ಗೆ ಬರೆಯಬೇಕಾದದ್ದು ಇದು. ಶಾಂತ ಸ್ವಭಾವವೋ ಅಲ್ಲವೋ ಎಂಬುದು ಆಕೆಗೆ ಬಿಟ್ಟದ್ದು.

ಹೆಸರೇ ಬಾರದ ಇನ್ನೂ ಕೆಲವರಿದ್ದಾರೆ. ರಾತ್ರಿ ಪುಟ ಕಟ್ಟುವ ವಿನ್ಯಾಸಕರು, ಸುದ್ದಿಯ ಫೋಟೊ ಕೊಟ್ಟು ಹೆಸರು ಕೇಳದ ಸ್ಟುಡಿಯೊ ಹುಡುಗರು, ಮಳೆಯಲ್ಲೂ ಬೆಳಿಗ್ಗೆ ಪೇಪರ್ ಹಾಕುವವರು, ನಮ್ಮನ್ನು ಪ್ರವಾಹದ ಊರಿಗೆ ಕರೆದೊಯ್ದ ಡ್ರೈವರ್‌ಗಳು. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿದಾಗ ಯಾವ ದಾರಿ ಮುಳುಗಿದೆ, ಯಾವುದರಲ್ಲಿ ಹೋಗಬಹುದು ಎಂದು ನಮಗೆ ಹೇಳಿದ್ದು ಇವರೇ. ಮೊದಲ ಶಿಫಾರಸನ್ನು ಇಂಥವರಿಗೆ ಬರೆಯಿರಿ. ಇವರಿಂದ ತಿರುಗಿ ಏನೂ ಸಿಗುವುದಿಲ್ಲವಾದ್ದರಿಂದ ಬರೆದ ಮಾತಿಗೆ ಬೆಲೆ ಹೆಚ್ಚು.

ಬರೆಯಬಾರದ ಪತ್ರಗಳು

ಒಳ್ಳೆಯ ಮಾತು ಬರೆಯುವಷ್ಟೇ ಮುಖ್ಯ, ಇಲ್ಲ ಎನ್ನುವುದು. ‘ಅಣ್ಣಾ, ಒಂದ್ ಲೆಟರ್ ಬರದು ಕೊಡ್ರಿ, ಐದು ವರ್ಷ ಅಂತ ಹಾಕ್ರಿ’ ಎಂದು ಕೇಳುವವರಿದ್ದಾರೆ. ಕೆಲಸ ಮಾಡಿದ್ದು ಒಂದೂವರೆ ವರ್ಷ. ಪಾಪ, ಬಡವರ ಹುಡುಗ, ಹಾಕಿದರೆ ಏನು ಗಂಟು ಹೋಗುತ್ತದೆ ಎಂದು ಅನ್ನಿಸುತ್ತದೆ. ಹೋಗುವ ಗಂಟು ಇದೆ. ಆ ಸುಳ್ಳು ಒಂದು ದಿನ ಹೊರಬಂದರೆ, ನೀವು ಹಿಂದೆ ನಿಜವಾಗಿ ಬರೆದ ಹತ್ತು ಜನರ ಪತ್ರಗಳೂ ಅನುಮಾನಕ್ಕೆ ಬೀಳುತ್ತವೆ. ಒಬ್ಬನಿಗೆ ಮಾಡಿದ ಉಪಕಾರದ ಸಾಲವನ್ನು ಹತ್ತು ಜನ ತೀರಿಸಬೇಕಾಗುತ್ತದೆ.

ಹಾಗಂತ ಮುಖ ತಿರುಗಿಸಬೇಕಿಲ್ಲ. ‘ತಮ್ಮಾ, ಒಂದೂವರೆ ವರ್ಷ ಅಂತಲೇ ಬರೆಯೋಣ. ಆ ಒಂದೂವರೆ ವರ್ಷದಲ್ಲಿ ನೀನು ಮಾಡಿದ್ದನ್ನು ಚೆನ್ನಾಗಿ ಬರೆಯುತ್ತೇನೆ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಕೆಲಸವನ್ನೇ ನೋಡಿಲ್ಲದವರು ಕೇಳಿದರೆ, ‘ನಿನ್ನ ಕೆಲಸ ನೋಡಿದವರ ಹತ್ತಿರ ಬರೆಸು, ಅವರಿಗೆ ನಾನೇ ಫೋನ್ ಮಾಡುತ್ತೇನೆ’ ಎನ್ನಿ.

ಪತ್ರಕರ್ತರಿಗೆ ಇನ್ನೊಂದು ಗೆರೆ ಇದೆ. ಯಾರ ಬಗ್ಗೆ ಸುದ್ದಿ ಬರೆಯುತ್ತೀರೋ ಅವರಿಗೆ ಶಿಫಾರಸು ಬರೆಯಬೇಡಿ. ಪೊಲೀಸ್ ಅಧಿಕಾರಿಯನ್ನು ಇದೇ ಠಾಣೆಯಲ್ಲಿ ಉಳಿಸಿ ಎಂದೋ, ಗುತ್ತಿಗೆದಾರ ಒಳ್ಳೆಯವನು ಎಂದೋ, ಪಿಡಿಒ ವರ್ಗಾವಣೆ ಬೇಡ ಎಂದೋ ಪತ್ರಕರ್ತರ ಹೆಸರಿನಲ್ಲಿ ಹೋಗುವ ಮನವಿಗಳನ್ನು ನಾವೆಲ್ಲ ಕಂಡಿದ್ದೇವೆ. ಆ ಕಾಗದಕ್ಕೆ ಸಹಿ ಹಾಕಿದ ಮೇಲೆ ಅವರ ಬಗ್ಗೆ ನಾಳೆ ಏನು ಬರೆಯುತ್ತೀರಿ? ಬರೆದರೆ ದ್ರೋಹ ಎನ್ನುತ್ತಾರೆ, ಬರೆಯದಿದ್ದರೆ ಓದುಗರಿಗೆ ದ್ರೋಹ. ಸಹೋದ್ಯೋಗಿಗೆ ಬರೆಯಿರಿ, ಸುದ್ದಿಯ ಮೂಲಕ್ಕೆ ಬರೆಯಬೇಡಿ.

ಮತ್ತೊಂದು, ಮುಯ್ಯಿಯ ಪತ್ರ. ಹೊಲದಲ್ಲಿ ಮುಯ್ಯಾಳು ಒಳ್ಳೆಯ ಪದ್ಧತಿ. ಇವತ್ತು ನಿಮ್ಮ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀವು. ಅಲ್ಲಿ ಇಬ್ಬರೂ ಬೆವರು ಸುರಿಸಿರುತ್ತಾರೆ, ಕಳೆ ನಿಜವಾಗಿ ಹೋಗಿರುತ್ತದೆ. ‘ನೀನು ನನಗೆ ಬರಿ, ನಾನು ನಿನಗೆ ಬರೆಯುತ್ತೇನೆ’ ಎಂಬ ಪತ್ರದಲ್ಲಿ ಬೆವರೂ ಇಲ್ಲ, ಕಳೆಯೂ ಹೋಗುವುದಿಲ್ಲ. ಒಂದೇ ದಿನ ಇಬ್ಬರ ಪುಟದಲ್ಲಿ ಇಬ್ಬರ ಹೊಗಳಿಕೆ ಕಂಡರೆ ಓದುವವರು ನಕ್ಕು ಮುಂದೆ ಹೋಗುತ್ತಾರೆ.

ಬರೆದವರಿಗೆ ಏನು ಸಿಗುತ್ತದೆ?

ಹೊಟ್ಟೆಪಾಡಿನ ಭಯದ ಮಾತು ಬಾಕಿ ಇತ್ತು. ಇನ್ನೊಬ್ಬರನ್ನು ಎತ್ತಿ ಹಿಡಿದರೆ ನಾನು ಕೆಳಗೆ ಇಳಿಯುತ್ತೇನೆಯೇ?

ಮೇಲೆ ಹೇಳಿದ ಸುದ್ದಿಗಾರನಿಗೆ ಬೇರೆ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳ ಮೇಲೆ ಅಲ್ಲಿನ ಹಿರಿಯರೊಬ್ಬರು ಫೋನ್ ಮಾಡಿದರು. ನಾನು ಅವರ ಮುಖ ನೋಡಿದವನಲ್ಲ. ‘ನೀವು ಬರೆದ ಹಾಗೇ ಇದ್ದಾರೆ. ತಡ ಮಾಡ್ತಾರೆ, ಆದರೆ ತಪ್ಪು ಮಾಡಲ್ಲ. ನಿಮ್ಮ ಕಡೆ ಇನ್ನೂ ಯಾರಾದರೂ ಇದ್ದರೆ ಹೇಳಿ’ ಎಂದರು. ಆ ಒಂದು ಮಾತಿನಿಂದ ನನ್ನ ಸಂಬಳವೇನೂ ಏರಲಿಲ್ಲ. ಆದರೆ ನನ್ನ ಮಾತನ್ನು ನಂಬಬಹುದು ಎಂದು ತಿಳಿದವರು ಬೆಂಗಳೂರಿನಲ್ಲಿ ಒಬ್ಬರಾದರು. ಮುಂದೆ ನಾನು ಮೈಕ್ರೋಫೈನಾನ್ಸ್ ವರದಿ ಮಾಡಿದ ಆ ಸಹೋದ್ಯೋಗಿಯ ಹೆಸರು ಹೇಳಿದಾಗ ಅವರು ಎರಡನೇ ಪ್ರಶ್ನೆ ಕೇಳಲಿಲ್ಲ.

ಊರಿನಲ್ಲೂ ಇದೇ ನಡೆಯುತ್ತದೆ. ಜಾನುವಾರು ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ಹೇಳಲು ಎಲ್ಲರೂ ಒಬ್ಬರನ್ನೇ ಕರೆಯುತ್ತಾರಲ್ಲ, ಆ ಮನುಷ್ಯನಿಗೆ ಆ ಹೆಸರು ಬಂದದ್ದು ಎತ್ತು ಸಾಕಿದ್ದರಿಂದಲ್ಲ. ಬೇರೆಯವರ ಎತ್ತಿನ ಬಗ್ಗೆ ವರ್ಷಗಟ್ಟಲೆ ಸರಿಯಾಗಿ ಹೇಳಿದ್ದರಿಂದ. ಇನ್ನೊಬ್ಬರ ಕೆಲಸ ಗುರುತಿಸಬಲ್ಲವನಿಗೆ ಆ ಕೆಲಸ ಗೊತ್ತಿದೆ ಎಂದು ಜನ ತಿಳಿಯುತ್ತಾರೆ.

ಸಂಬಂಧವೂ ಬೇರೆಯಾಗುತ್ತದೆ. ಮೊದಲೆಲ್ಲ ಬೇರೆ ಪತ್ರಿಕೆಯವರು ಎದುರಾದರೆ ಸುದ್ದಿ ಮುಚ್ಚಿಟ್ಟುಕೊಳ್ಳುತ್ತಿದ್ದೆವು. ಈಗ ನಮ್ಮ ಭಾಗದಲ್ಲಿ ನಾಲ್ಕೈದು ಜನ ಅಂಕಿ ಅಂಶಗಳನ್ನು ಹೋಲಿಸಿ ನೋಡಿಕೊಳ್ಳುತ್ತೇವೆ. ಒಬ್ಬರಿಗೆ ಬೆದರಿಕೆ ಬಂದರೆ ಉಳಿದವರು ಠಾಣೆಗೆ ಜೊತೆಯಲ್ಲಿ ಹೋಗುತ್ತೇವೆ. ಸಂಬಳ, ವಿಮೆ, ರಜೆ ಯಾವುದೂ ಇಲ್ಲದ ಕೆಲಸದಲ್ಲಿ ಇದು ಸಣ್ಣದಲ್ಲ.

ಇಷ್ಟರಿಂದ ಎಲ್ಲ ಸರಿಹೋಗುವುದಿಲ್ಲ

ಒಬ್ಬ ಹಿರಿಯ ಗೆಳೆಯರಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ‘ನೇಮಕಾತಿ ಪತ್ರ ಕೊಡಬೇಕಾದವರು ಮಾಲೀಕರು. ಅದನ್ನ ಬಿಟ್ಟು ನೀವು ನೀವೇ ಪತ್ರ ಬರಕೊಂಡು ಕೂತರೆ ಅವರಿಗೆ ಸಲೀಸಾತಲ್ಲೋ?’

ಹೌದು. ಕಾರ್ಯನಿರತ ಪತ್ರಕರ್ತರಿಗೆಂದು 1955ರಲ್ಲೇ ಕಾಯ್ದೆ ಬಂತು. ಮಜೀಠಿಯಾ ವೇತನ ಮಂಡಳಿ ಮಾಡಿದ್ದೂ ಶಿಫಾರಸನ್ನೇ. ಅದನ್ನು 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಷ್ಟಾದರೂ ತಾಲ್ಲೂಕಿನ ಬಿಡಿ ಸುದ್ದಿಗಾರನ ಕೈಗೆ ಅದರ ಫಲ ಬಂದದ್ದು ನಾನು ಕಂಡಿಲ್ಲ. ಹಕ್ಕಿನ ಕಾಗದವನ್ನು ಕೇಳುತ್ತಲೇ ಇರಬೇಕು. ಸಂಘಟನೆಗಳ ಮೂಲಕ ಕೇಳಬೇಕು, ಕಾರ್ಮಿಕ ಇಲಾಖೆಯಲ್ಲಿ ಕೇಳಬೇಕು. ಸಹೋದ್ಯೋಗಿಯ ಪತ್ರ ಆ ಹಕ್ಕಿಗೆ ಬದಲಿ ಆಗಬಾರದು.

ಆದರೆ ಹಕ್ಕು ಬರುವವರೆಗೆ ಹುಡುಗನ ವಯಸ್ಸು ಕಾಯುವುದಿಲ್ಲ. ಇನ್ನೊಂದು ಮಾತೂ ಇದೆ. ಈತ ಇಷ್ಟು ವರ್ಷ ಈ ಕೆಲಸ ಮಾಡಿದ್ದಾನೆ ಎಂದು ಹತ್ತು ಜನ ತಾರೀಖು ಹಾಕಿ ಬರೆದಿಟ್ಟ ಪತ್ರಗಳು ಇದ್ದರೆ, ನಾಳೆ ‘ನೀವು ನಮ್ಮವರೇ ಅಲ್ಲ’ ಎನ್ನುವವರ ಮುಂದೆ ಇಡಲು ಏನಾದರೂ ಇರುತ್ತದೆ. ಬರಿಗೈಯಲ್ಲಿ ಹೋಗುವುದಕ್ಕಿಂತ ಅದು ಎಷ್ಟೋ ಮೇಲು.

ಆದ್ದರಿಂದ ಯಾರಾದರೂ ಕೇಳಲಿ ಎಂದು ಕಾಯಬೇಡಿ. ಕೇಳಲು ಬಾರದವರಿಗೇ ಇದರ ಅಗತ್ಯ ಹೆಚ್ಚು. ನಿಮ್ಮ ಜೊತೆ ಕೆಲಸ ಮಾಡಿದವರಲ್ಲಿ ಒಬ್ಬರನ್ನು ನೆನೆಸಿಕೊಳ್ಳಿ. ನಿಮ್ಮ ಓಣಿಯವರಲ್ಲದವರಾದರೆ ಇನ್ನೂ ಒಳ್ಳೆಯದು. ಅವರು ಮಾಡಿದ ಯಾವ ಕೆಲಸ ನಿಮ್ಮ ಕಣ್ಣಿಗೆ ಕಟ್ಟಿದ ಹಾಗಿದೆಯೋ ಅದನ್ನು ನಾಲ್ಕು ಸಾಲಿನಲ್ಲಿ ಮೊಬೈಲಿನಲ್ಲೇ ಬರೆದು, ಹೆಸರು ತಾರೀಖು ಹಾಕಿ ಅವರಿಗೆ ಕಳಿಸಿ. ‘ಇದನ್ನು ಇಟ್ಟುಕೋ, ಎಲ್ಲಿ ಬೇಕಾದರೂ ತೋರಿಸು, ಯಾರಾದರೂ ಕೇಳಿದರೆ ನನ್ನ ನಂಬರು ಕೊಡು’ ಎಂದು ಒಂದು ಸಾಲು ಸೇರಿಸಿ. ಇಷ್ಟಕ್ಕೆ ಹಿಡಿಯುವುದು ಒಂದು ಚಹಾ ಕುಡಿಯುವಷ್ಟು ಹೊತ್ತು.